ಚಂಪಕ್ಕನ ನಂಬರು

ನಮ್ಮೂರಿಗೆ ಮೊದಲು ಬಂದದ್ದು ಕಾಯಿದೆ, ಆಮೇಲೆ ಕಂಬ, ಎಲ್ಲಕ್ಕಿಂತ ಕೊನೆಗೆ ತಂತಿ. ಊರು ಕಲ್ಲುಗಣಿಗಳ ನಡುವೆ ಇದೆ. ಗೋಡೆ, ಸೂರು, ಕೂರುವ ಕಟ್ಟೆ, ದನ ನೀರು ಕುಡಿಯುವ ಬಾನಿ, ಎಲ್ಲವೂ ಗಣಿಯ ಚಪ್ಪಡಿ, ಪರಸಿಕಲ್ಲಿನವೇ. ಕಂಬ ನೆಡಲು ಬಂದವರಿಗೆ ನೆಲ ಅಗೆಯಲಾಗದೆ ಮದ್ದು ಸಿಡಿಸಿ ಗುಂಡಿ ಮಾಡಬೇಕಾಯಿತು. ಅದಕ್ಕೂ ಮೊದಲು ಜೀಪಿನಲ್ಲಿ ಒಬ್ಬ ಸರಕಾರಿ ಮನುಷ್ಯ ಬಂದು, ಸಂತೆಕಟ್ಟೆಯ ಮೇಲೆ ನಿಂತು, ರಾಷ್ಟ್ರೀಯ ಮಾಹಿತಿ ಮತ್ತು ಸಂಪರ್ಕ ನೀತಿಯನ್ನು, ಅಂದರೆ ಆ ಕಾಯಿದೆಯನ್ನು, ಮೈಕಿನಲ್ಲಿ ಓದಿ ಹೇಳಿದ್ದ. ವಯಸ್ಸಿಗೆ ಬಂದ ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ನಂಬರು ಇರತಕ್ಕದ್ದು. ಸರಕಾರದ ಸೇವೆಗಳೆಲ್ಲ ಇನ್ನು ಮುಂದೆ ತಂತಿಯ ಮೇಲೆಯೇ ಸಿಗತಕ್ಕದ್ದು. ಯಾವ ಕರೆಯೂ ಉತ್ತರವಿಲ್ಲದೆ ಉಳಿಯತಕ್ಕದ್ದಲ್ಲ. ಒಂದು ನಂಬರಿನಿಂದ ಬಂದ ಉತ್ತರವನ್ನು ಆ ನಂಬರಿನ ಹಕ್ಕುದಾರರ ಉತ್ತರವೆಂದೇ ತಿಳಿಯತಕ್ಕದ್ದು. ನಾವೆಲ್ಲ ಚಪ್ಪಾಳೆ ತಟ್ಟಿ ಮನೆಗೆ ಹೋದೆವು.

ಉತ್ತರವಿಲ್ಲದೆ ಉಳಿಯಬಾರದು ಎಂಬ ಮಾತಿಗೆ ಬೇರೆ ಊರುಗಳಲ್ಲಿ, ಕಚೇರಿಯವರು ಫೋನು ಎತ್ತಬೇಕು ಎಂಬಷ್ಟೇ ಅರ್ಥವಿತ್ತಂತೆ. ನಮ್ಮೂರಲ್ಲಿ ಅದು ಓದಿದ ಹಾಗೆಯೇ ನಡೆಯತೊಡಗಿತು. ಯಾರ ನಂಬರಿಗೆ ಮಾಡಿದರೂ ಉತ್ತರ ಬರುತ್ತಿತ್ತು. ಮನೆಗೆ ಬೀಗ ಹಾಕಿರಲಿ, ಮನೆಯವರು ಗಣಿಯ ತಳದಲ್ಲಿರಲಿ, ಗಂಟೆ ಸ್ವಲ್ಪ ಹೊತ್ತು ಹೊಡೆದುಕೊಂಡು ನಿಲ್ಲುತ್ತಿತ್ತು. ಆಮೇಲೆ ಅವರದೇ ದನಿ ‘ಹಲೋ’ ಎನ್ನುತ್ತಿತ್ತು.

ಜನ ಇದಕ್ಕೂ ಒಗ್ಗಿಕೊಂಡರು. ದರ್ಜಿ ಸಿಂಪಿಗೇರ ತನ್ನ ತಂಗಿಯ ಮದುವೆಗೆಂದು ಪರವೂರಿಗೆ ಹೋಗಿದ್ದಾಗ ಅವನ ದನಿ ಅರ್ಧ ಊರಿನ ಹೆಂಗಸರಿಗೆ ಹಬ್ಬದೊಳಗೆ ಕುಪ್ಪಸ ಹೊಲಿದು ಕೊಡುವುದಾಗಿ ಮಾತು ಕೊಟ್ಟಿತ್ತು. ಅವನು ಬಂದವನೇ ಗೊಣಗುತ್ತ ಮಷಿನ್ನಿನ ಮುಂದೆ ಕೂತ. ಕೊಟ್ಟದ್ದು ಬೇರೆಯವರ ಮಾತು ಎಂದು ಅವನೂ ಹೇಳಲಿಲ್ಲ, ಯಾರೂ ಹೇಳಲಿಲ್ಲ. ಹೊರಗೆ ಹೋಗಿ ಬಂದವರು ಕೈಕಾಲು ತೊಳೆಯುವ ಮೊದಲು ಓಣಿಯಲ್ಲಿ ವಿಚಾರಿಸುತ್ತಿದ್ದರು: “ನಾ ಏನರ ಮಾತು ಕೊಟ್ಟೀನೇನ್ರಿ?” ಯಾರಾದರೂ ತೀರಿಕೊಂಡರೆ ಹೆಣಕ್ಕೆ ನೀರು ಹಾಕುವ ಮೊದಲು ಗೋಡೆಯಿಂದ ತಂತಿ ಕೀಳುತ್ತಿದ್ದರು. ತಮ್ಮ ನಂಬರಿಗೆ ತಾವೇ ಫೋನು ಮಾಡಬಾರದು ಎಂದು ಯಾರೂ ಕಲಿಸಿರಲಿಲ್ಲ. ಆದರೂ ಯಾರೂ ಮಾಡುತ್ತಿರಲಿಲ್ಲ.

ನನ್ನ ಅಕ್ಕ ಚಂಪಾವತಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬಾರದು. ಅವ್ವ ಅಪ್ಪ ಹೋದ ಮೇಲೆ ಲಾರಿ ಅಡ್ಡೆಯ ಎದುರು ಆಕೆ ಖಾನಾವಳಿ ಹಾಕಿದಳು. ಗಣಿಯ ಆಳುಗಳು, ಲಾರಿಯವರು ಬೆರಳು ಎತ್ತಿ ರೊಟ್ಟಿ ಕೇಳುತ್ತಿದ್ದರು, ತಟ್ಟೆಯ ಮೇಲೆ ಅಂಗೈ ಹಿಡಿದು ಸಾಕೆನ್ನುತ್ತಿದ್ದರು. ಅಷ್ಟರಲ್ಲಿ ವ್ಯವಹಾರ ನಡೆದುಹೋಗುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ಆಕೆ ಹೇಳುತ್ತಿದ್ದುದು ನನ್ನೊಬ್ಬಳಿಗೆ. ಸಣ್ಣವರಿದ್ದಾಗಿನಿಂದ ನಾವಿಬ್ಬರೂ ಕೂಡಿಯೇ ಮಾಡಿಕೊಂಡ ಕೈಮಾತು ಅದು. ಅವ್ವನಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ನಾನು ಮದುವೆಯಾಗಿ ಹಿಂದಿನ ಓಣಿಗೆ ಹೋದರೂ ಮಧ್ಯಾಹ್ನದ ಊಟದ ಹೊತ್ತಿಗೆ ಗಲ್ಲಾ ಪೆಟ್ಟಿಗೆಯ ಹತ್ತಿರ ಬಂದು ಕೂರುತ್ತಿದ್ದೆ. ಊರಿನವರು ಅಕ್ಕನಿಗೆ ಏನಾದರೂ ಹೇಳಬೇಕಾದರೆ ನನ್ನ ಮುಖ ನೋಡುತ್ತಿದ್ದರು.

ಕಾಯಿದೆಯ ಪ್ರಕಾರ ಅಕ್ಕನ ಹೆಸರಿಗೂ ನಂಬರು ಬಂತು. ಒಲೆಯ ಪಕ್ಕದ ಕಲ್ಲಿನ ಹಲಗೆಯ ಮೇಲೆ ಫೋನು ಕೂರಿಸಿ ಹೋದರು. ಅಕ್ಕ ಅದರ ಮೇಲೆ ಒದ್ದೆ ಅರಿವೆ ಒಣಹಾಕುತ್ತಿದ್ದಳು.

ಗದಿಗೆಪ್ಪ ನಮ್ಮಲ್ಲಿ ದಿನವೂ ಉಣ್ಣುತ್ತಿದ್ದವ. ಎರಡು ಲಾರಿಯ ಮಾಲಕ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಿಂದಿನ ಬೆಂಚಿನ ಮೇಲೆ ಗೋಡೆಗೆ ಮುಖಮಾಡಿ ಕೂತು ಉಂಡು, ತಟ್ಟೆಯನ್ನು ತಾನೇ ಎತ್ತಿಟ್ಟು ಹೋಗುತ್ತಿದ್ದ. ಒಂದು ಮಧ್ಯಾಹ್ನ ಬಿಸಿಲಲ್ಲಿ ಬೆವರಿಕೊಂಡು ಬಂದ.

“ಪುಂಡಿಪಲ್ಯ ಮಾಡೀನಿ ಅಂತ ಚಂಪಾಬಾಯಾರು ಅಂದ್ರು. ಅದಕ್ಕ ಗಣಿಯಿಂದ ಹಂಗ ಬಂದೆ” ಎಂದ.

ನಾನು ನಕ್ಕೆ. “ಯಾರು ಅಂದ್ರು?”

“ಅವರ. ಫೋನಿನ್ಯಾಗ.”

ಅಂದು ಒಲೆಯ ಮೇಲಿದ್ದದ್ದು ಪುಂಡಿಪಲ್ಯವೇ. ಅಕ್ಕನಿಗೂ ಒಂದು ನಂಬರು ಇದೆ, ಅದಕ್ಕೂ ಯಾರಾದರೂ ಮಾಡಬಹುದು ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಅವನು ಉಂಡು ಹೋದ ಮೇಲೆ ರಸ್ತೆ ದಾಟಿ ಔಷಧಿ ಅಂಗಡಿಗೆ ಹೋದೆ. ಅಲ್ಲಿ ದುಡ್ಡು ಹಾಕಿ ಮಾತಾಡುವ ಫೋನಿತ್ತು. ಅಕ್ಕನ ನಂಬರು ತಿರುಗಿಸಿದೆ. ತೆರೆದ ಬಾಗಿಲಿನಿಂದ ಎದುರಿನ ಖಾನಾವಳಿ ಕಾಣುತ್ತಿತ್ತು. ಅಕ್ಕ ನನಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಮೊಣಕೈ ಪಕ್ಕದಲ್ಲೇ ಗಂಟೆ ಹೊಡೆದುಕೊಳ್ಳುತ್ತಿತ್ತು, ಆಕೆ ತಿರುಗಲಿಲ್ಲ. ಗಂಟೆ ನಿಂತಿತು.

“ಹಲೋ” ಎಂದಿತು ದನಿ. ಅವ್ವನ ದನಿಯೇ, ಆದರೆ ಹೊಗೆ ಕುಡಿದು ಸ್ವಲ್ಪ ಒಡೆದಂತಿತ್ತು. “ಯಾರು, ಪ್ರಮೀ ಏನ? ಉಸಿರು ಯಾಕ ಹಂಗ ಬಿಡಾಕತ್ತಿ? ಓಡಿ ಬಂದೀಯೇನ?”

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

“ಉಂಡೀಯಾ?” ಎಂದು ಕೇಳಿತು.

ಎದುರಿಗೆ ಅಕ್ಕ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಸೆರಗಿನಿಂದ ಕತ್ತು ಒರೆಸಿಕೊಂಡಳು. “ಉಂಡೆ” ಎಂದೆ.

ಆಮೇಲೆ ಎಷ್ಟೋ ಮಧ್ಯಾಹ್ನ ನಾನು ಆ ಅಂಗಡಿಗೆ ಹೋದೆ. ದನಿ ದೊಡ್ಡದೇನನ್ನೂ ಹೇಳುತ್ತಿರಲಿಲ್ಲ. ಈ ಸಲದ ಜೋಳ ಒಳ್ಳೆಯದಿಲ್ಲ ಎನ್ನುತ್ತಿತ್ತು, ಒಲೆಯ ಹಿಂದೆ ಹಲ್ಲಿ ಮೊಟ್ಟೆ ಇಟ್ಟಿದೆ ಎನ್ನುತ್ತಿತ್ತು, ನಿನ್ನ ಗಂಡನ ಕೆಮ್ಮು ಹೇಗಿದೆ ಎಂದು ಕೇಳುತ್ತಿತ್ತು. ಸಣ್ಣವಳಿದ್ದಾಗ ಅಕ್ಕ ನಿದ್ದೆಯಲ್ಲಾದರೂ ಒಂದು ಮಾತು ಆಡಬಹುದೆಂದು ಆಕೆಯ ಬಾಯಿಗೆ ಕಿವಿ ಹಚ್ಚಿ ಮಲಗುತ್ತಿದ್ದವಳು ನಾನು. ನನಗೆ ಅಷ್ಟೇ ಸಾಕಾಗಿತ್ತು.

ಒಂದು ದಿನ ಫೋನು ಇಟ್ಟು ತಿರುಗಿದರೆ ಅಕ್ಕ ರಸ್ತೆಯ ಆ ಬದಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ದಾಟಿ ಹೋದೆ. ಕೈ ಎತ್ತಿ ಕೇಳಿದಳು: ಯಾರ ಜೋಡಿ ಮಾತಾಡಿ ನಗಾಕತ್ತಿದ್ದಿ?

ಸುಳ್ಳು ಹೇಳಲು ನಮ್ಮ ಕೈಮಾತಿನಲ್ಲಿ ಅಭ್ಯಾಸವಿರಲಿಲ್ಲ. ನಿನ್ನ ಜೋಡಿ ಎಂದೆ.

ಆಕೆ ನನ್ನ ಮುಖ ನೋಡಿದಳು, ಹಿಂದಿನ ಫೋನು ನೋಡಿದಳು. ಹಿಟ್ಟು ಹತ್ತಿದ ಅಂಗೈಯನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡಳು. ಆಮೇಲೆ ಕೇಳಿದಳು: ನಾ ಏನಂದೆ?

ಅಂದಿನಿಂದ ಖಾನಾವಳಿ ತೊಳೆದು ಕೂತಾಗ ಅದೇ ಕೇಳುತ್ತಿದ್ದಳು. ಇವತ್ತು ನಾ ಏನಂದೆ? ನಾನು ಹೇಳುತ್ತಿದ್ದೆ. ಜೋಳದ ಮಾತಿಗೆ ಹೌದು ಹೌದೆಂದು ತಲೆಯಾಡಿಸುತ್ತಿದ್ದಳು. ಹಲ್ಲಿಯ ಮಾತಿಗೆ ಎದ್ದು ಹೋಗಿ ಒಲೆಯ ಹಿಂದೆ ನೋಡಿ ಬಂದು ನಕ್ಕಳು. ಮಗಳು ಶಾಲೆಯಲ್ಲಿ ಏನು ಹೇಳಿದಳೆಂದು ಕೇಳುವ ತಾಯಿಯ ಮುಖವಿತ್ತು ಆಕೆಗೆ. ಒಮ್ಮೆ ದನಿ ನನಗೆ, ಈ ಹೊಗೆ ಸಾಕಾಗೈತಿ, ಲಾರಿಯಾಗ ಕುಂತು ಈ ರಸ್ತಾ ಎಲ್ಲಿಗೆ ಮುಗಿಯತೈತೋ ನೋಡಿ ಬರಬೇಕು ಅಂತೈತಿ ಎಂದಿತು. ಅದನ್ನೂ ಹೇಳಿದೆ.

ಅಕ್ಕ ನಗಲಿಲ್ಲ. ಅದನ್ನ ನಾ ಅಂದಿಲ್ಲ ಎಂದಳು. ಫೋನಿನ ಕಡೆ ಬೆರಳು ಮಾಡಿ, ಆಕಿ ಅಂದಾಳ ಎಂದಳು.

ಅದರ ನಂತರ ನಾನು ಔಷಧಿ ಅಂಗಡಿಗೆ ಹೋಗುವುದು ಕಡಿಮೆ ಮಾಡಿದೆ. ಗದಿಗೆಪ್ಪ ಕಡಿಮೆ ಮಾಡಿರಲಿಲ್ಲ. ಅವನ ಫೋನಿನ ಮಾತು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಅವನು ಹಿಂದಿನ ಬೆಂಚು ಬಿಟ್ಟು ಮುಂದಿನ ಬೆಂಚಿಗೆ ಬಂದಿದ್ದ, ಅಂಗಿಗೆ ಇಸ್ತ್ರಿ ಮಾಡಿಸುತ್ತಿದ್ದ.

ಶ್ರಾವಣದ ಒಂದು ಬೆಳಿಗ್ಗೆ, ಇನ್ನೂ ಯಾರೂ ಉಣ್ಣಲು ಬಂದಿರದ ಹೊತ್ತಿನಲ್ಲಿ, ಅವನು ಒಂದು ಇಳಕಲ್ ಸೀರೆ, ಪೇಡೆಯ ಪೊಟ್ಟಣ, ಹೂವಿನ ದಂಡೆ ಹಿಡಿದು ಬಂದ. ಅವನ ಹಿಂದೆ ಓಣಿಯ ಒಂದಿಬ್ಬರು ಹಿರಿಯರಿದ್ದರು.

“ನಿನ್ನೆ ಆತು ತಂಗೀ” ಎಂದ. ಅವನ ಕಣ್ಣು ತೇವವಾಗಿದ್ದವು. “ನೋಂದಣಿ ಕಚೇರಿಯವರು ಮೊದಲ ನನಗ ಮಾಡಿ ಕೇಳಿದ್ರು, ಆಮ್ಯಾಲ ಆಕಿಗೆ ಮಾಡಿ ಕೇಳಿದ್ರು. ಹೂಂ ಅಂದ್ಲು. ಅವರು ಮದುವಿ ಬರಕೊಂಡ್ರು. ಈಗ ಕಚೇರಿಗೆ ಅಡ್ಡಾಡೋದ ಇಲ್ಲಲ್ಲ, ಎಲ್ಲಾ ತಂತೀ ಮ್ಯಾಲ.”

ನಾನು ಅಕ್ಕನ ಕಡೆ ತಿರುಗಿದೆ. ಆಕೆ ಸೀರೆಯ ಅಂಚು ನೋಡುತ್ತಿದ್ದಳು, ಯಾರದೋ ಮನೆಯ ಸಮಾರಂಭಕ್ಕೆ ಅಡುಗೆ ಹೇಳಲು ಬಂದಿದ್ದಾರೆಂದು ತಿಳಿದಿರಬೇಕು. ನಾನು ಕೈಮಾತಿನಲ್ಲಿ ತಿಳಿಸಿದೆ. ಚೇಷ್ಟೆ ಎಂದುಕೊಂಡು ನಕ್ಕಳು. ನನ್ನ ಮುಖ ನೋಡಿ ನಗು ನಿಂತಿತು. ತಲೆಯನ್ನು ಅಡ್ಡ ಆಡಿಸಿದಳು.

“ನಾಚಿಕೊಳ್ಳಾಕತ್ತಾಳ” ಎಂದರು ಹಿರಿಯರೊಬ್ಬರು.

ಅಕ್ಕ ಇನ್ನೊಮ್ಮೆ ತಲೆಯಾಡಿಸಿದಳು. ಸೀರೆಯನ್ನು ಮಡಿಕೆ ಕೆಡದಂತೆ ಎತ್ತಿ ಗದಿಗೆಪ್ಪನ ಕೈಯಲ್ಲಿಟ್ಟು, ಅವನ ಬೆರಳುಗಳನ್ನು ಅದರ ಮೇಲೆ ಮುಚ್ಚಿದಳು. ಅವನು ಸೀರೆ ನೋಡಿದ, ಆಮೇಲೆ ನನ್ನನ್ನು ನೋಡಿದ.

“ಏನ್ ಹೇಳಿ ಕೊಟ್ಟಿ ಆಕಿಗೆ?”

“ನೀವು ಅಂದದ್ದನ್ನ ಹೇಳಿದೆ.”

“ದಿನಾ ಮಾತಾಡ್ಯಾಳ ನನ್ನ ಜೋಡಿ. ಸತ್ತ ನಿಮ್ಮ ಅವ್ವನ ಬಗ್ಗೆ ಹೇಳ್ಯಾಳ, ಸಣ್ಣಾಕಿ ಇದ್ದಾಗ ಬಾವಿಕಟ್ಟಿ ಮ್ಯಾಲಿಂದ ಬಿದ್ದದ್ದು ಹೇಳ್ಯಾಳ. ಫೋನಿನ್ಯಾಗ ಹೂಂ ಅನ್ನಾಕಿ ನಿನ್ನ ಮುಂದ ಯಾಕ ಒಲ್ಲೆ ಅಂತಾಳ? ಇಷ್ಟು ವರ್ಷ ಆಕಿ ಏನಂದ್ಲು ಅನ್ನೋದನ್ನ ನೀನ ಹೇಳಿದಿ, ನಾವು ನಂಬಿದ್ವಿ.” ಅವನು ದನಿ ಏರಿಸಲಿಲ್ಲ. “ಆಕಿ ಹೋದ್ರ ಖಾನಾವಳಿ ಮುಚ್ಚತೈತಿ. ಅದು ನಿನಗ ಗೊತ್ತೈತಿ.”

ಬಾಗಿಲಲ್ಲಿ ಸೇರಿದ್ದ ಜನ ಒಬ್ಬೊಬ್ಬರೇ ಚದುರಿದರು. ಮರುದಿನದಿಂದ ಅಕ್ಕನಿಗೆ ಏನಾದರೂ ಹೇಳಬೇಕಾದವರು ನನ್ನ ಮುಖ ನೋಡುವುದನ್ನು ಬಿಟ್ಟು, ಎದುರಿನ ಔಷಧಿ ಅಂಗಡಿಗೆ ಹೋಗಿ ಆಕೆಯ ನಂಬರಿಗೆ ಫೋನು ಮಾಡತೊಡಗಿದರು. ಬಾವಿಕಟ್ಟೆಯಿಂದ ಬಿದ್ದದ್ದು ನಿಜ. ಅದು ನನ್ನನ್ನೂ ಅಕ್ಕನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕೊನೆಯ ಸಲ ನಾನೇ ಅಕ್ಕನ ನಂಬರಿಗೆ ಮಾಡಿದೆ. “ಹೂಂ ಯಾಕ ಅಂದಿ?” ಎಂದು ಕೇಳಿದೆ.

“ಕೇಳಿದ್ರು, ಅಂದೆ” ಎಂದಿತು ದನಿ. “ಇದಕ್ಕಿಂತ ಮೊದಲ ನನಗ ಯಾರೂ ಏನೂ ಕೇಳಿರಲಿಲ್ಲ ಪ್ರಮೀ.”

ಫೋನು ಇಟ್ಟುಬಿಟ್ಟೆ. ರಸ್ತೆ ದಾಟಿ ಬರುವಾಗ ನನ್ನ ಕೈಗಳ ಮೇಲೆಯೇ ನನಗೆ ಅನುಮಾನ ಬಂತು. ಇಷ್ಟು ವರ್ಷ ಆಕೆ ತೋರಿಸಿದ್ದಕ್ಕೆ ನಾನು ಹಚ್ಚಿದ ಮಾತು ಆಕೆಯದೇ ಆಗಿತ್ತೇ, ನನಗೆ ಹೊಂದುವ ಮಾತಾಗಿತ್ತೇ? ಗದಿಗೆಪ್ಪ ಒಳ್ಳೆಯ ಮನುಷ್ಯ. ಅಕ್ಕನಿಗೆ ಮನಸ್ಸಿದ್ದರೆ?

ನಾನು ಏನನ್ನೂ ಮುಚ್ಚಿಡದೆ ಆಕೆಯನ್ನೇ ಕೇಳಿದೆ. ಆಕೆ ಹೇಳಿದ್ದು ಇದು: ಅವ ಚಲೋ ಮನಶ್ಯಾ. ಖರೆ ಇಷ್ಟು ವರ್ಷ ಉಂಡಾನ, ನೀರು ಬೇಕಂದ್ರ ಕೈಲೆ ಏನ್ ಸನ್ನಿ ಮಾಡಬೇಕು ಅನ್ನೋದನ್ನೂ ಕಲಿತಿಲ್ಲ. ಅವಗ ಬೇಕಾದಾಕಿ ನಾ ಅಲ್ಲ.

ಆಮೇಲೆ ಫೋನಿನ ಮೇಲಿನ ಅರಿವೆ ತೆಗೆದು ಅದರ ಮೇಲೆ ಅಂಗೈ ಇಟ್ಟಳು, ಯಾರಿಂದಾದರೂ ಮಾಡಿಸು ಎಂದಳು. ಗಂಟೆ ಹೊಡೆದಾಗ ಅದರ ನಡುಕ ಕೈಗೆ ತಾಗಿತು. ಆದರೆ ಹಗಲೆಲ್ಲ ಅಲ್ಲಿ ಕೈ ಇಟ್ಟುಕೊಂಡು ಕೂತರೆ ರೊಟ್ಟಿ ಬಡಿಯುವವರು ಯಾರು? ಒಂದು ಸ್ಟೀಲ್ ತಟ್ಟೆಯನ್ನು ಫೋನಿನ ನೆತ್ತಿಯ ಮೇಲೆ ಇಟ್ಟು, ಅದರಲ್ಲಿ ಒಂದು ಹಿಡಿ ಜೋಳ ಹಾಕಿದಳು. ಗಂಟೆ ಹೊಡೆದರೆ ಕಾಳು ಕುಣಿಯುತ್ತಿದ್ದವು. ಅದನ್ನು ಕಂಡೊಡನೆ ಕೈ ಚಾಚಿ ಎತ್ತುತ್ತಿದ್ದಳು. ಆಕೆ ಎತ್ತಿದಾಗ ಆ ದನಿ ಇರುತ್ತಿರಲಿಲ್ಲ. ಮಾಡಿದವರಿಗೆ ಕೇಳಿಸುತ್ತಿದ್ದದ್ದು ಒಲೆಯ ಸದ್ದು ಮತ್ತು ಅಕ್ಕನ ಉಸಿರು. ನಮ್ಮೂರಿನ ಜನ ಆ ದನಿಗೆ ಎಂದೂ ಹೆದರಿರಲಿಲ್ಲ, ಈ ಉಸಿರಿಗೆ ಹೆದರಿದರು. “ಆ ನಂಬರಿನ್ಯಾಗ ಏನೋ ಸೇರಕೊಂಡೈತಿ” ಎಂದು ಮಾತಾಡಿಕೊಂಡರು.

ಅಷ್ಟರಲ್ಲಿ ನೀತಿಯ ತಿದ್ದುಪಡಿಗೆ ಜನರ ಅಹವಾಲು ಕೇಳಲು ರಾಜಧಾನಿಯಿಂದ ಅಧಿಕಾರಿಯೊಬ್ಬರು ಬರುತ್ತಾರೆಂದು ಡಂಗುರ ಹೊಡೆದರು. ತಬಸ್ಸುಮ್ ಇನಾಮದಾರ ಎಂದು ಅವರ ಹೆಸರು. ಕುತ್ತಿಗೆಗೆ ಕನ್ನಡಕ ತೂಗುಹಾಕಿಕೊಂಡ, ಮಾತಿಗೆ ಮುಂಚೆ ಒಂದು ಗುಟುಕು ನೀರು ಕುಡಿಯುವ ಹೆಂಗಸು. ಶಾಲೆಯ ದೊಡ್ಡ ಕೋಣೆಯಲ್ಲಿ ಮೇಜು ಹಾಕಿ, ಅದರ ಮೇಲೆ ಫೋನು, ಫೋನಿಗೆ ಎಲ್ಲರಿಗೂ ಕೇಳುವಂಥ ಸ್ಪೀಕರು ಜೋಡಿಸಿದ್ದರು. ನಾವು ಖಾನಾವಳಿಗೆ ಬೀಗ ಹಾಕಿ ಹೋದೆವು. ಅಕ್ಕ ಮುಂದಿನ ಸಾಲಿನಲ್ಲಿ ಕೂತಳು, ನಾನು ಪಕ್ಕದಲ್ಲಿ. ಗದಿಗೆಪ್ಪ ಗೋಡೆಗೆ ಒರಗಿ ನಿಂತಿದ್ದ.

ನಾನು ನಡೆದದ್ದನ್ನೆಲ್ಲ ಹೇಳಿದೆ. ಗದಿಗೆಪ್ಪನೂ ಹೇಳಿದ. ಇಬ್ಬರೂ ಸುಳ್ಳು ಹೇಳಲಿಲ್ಲ.

“ಮೇಡಂ, ಆಕಿ ನಿಮ್ಮ ಎದುರಿಗೇ ಕುಂತಾಳ. ನೀವ ಕೇಳ್ರಿ” ಎಂದೆ.

ತಬಸ್ಸುಮ್ ಮೇಡಂ ನೀರು ಕುಡಿದರು. “ನೋಡವಾ, ನಂಬರಿನಿಂದ ಬಂದ ಉತ್ತರಕ್ಕ ಕಾಯಿದೆಯೊಳಗ ಜಾಗ ಐತಿ. ಎದುರಿಗೆ ಕುಂತು ಕೊಟ್ಟ ಉತ್ತರದ ಬಗ್ಗೆ ಅದರಾಗ ಏನೂ ಬರದಿಲ್ಲ. ಯಾರೂ ಬರೀಬೇಕು ಅನಕೊಂಡಿರಲಿಲ್ಲ ಅನಸತೈತಿ.” ಅವರು ಅಕ್ಕನನ್ನು ನೋಡಿ, ಕ್ಷಮೆ ಕೇಳುವವರಂತೆ ಕೈಮುಗಿದು, ಫೋನು ತಿರುಗಿಸಿದರು.

ಸ್ಪೀಕರಿನಲ್ಲಿ ಗಂಟೆ ಹೊಡೆಯುವುದು ಕೇಳಿಸಿತು. ನಮ್ಮ ಬೀಗ ಹಾಕಿದ ಖಾನಾವಳಿಯಲ್ಲಿ, ಯಾರೂ ನೋಡುವವರಿಲ್ಲದ ತಟ್ಟೆಯ ಮೇಲೆ, ಕಾಳು ಕುಣಿಯುತ್ತಿದ್ದಿರಬೇಕು. ಗಂಟೆ ನಿಂತಿತು.

“ಹಲೋ” ಎಂದಿತು ದನಿ.

“ಚಂಪಾವತಿಯವರಾ? ಗದಿಗೆಪ್ಪನವರ ಜೋಡಿ ಮದುವಿಗೆ ನೀವು ಒಪ್ಪಿದ್ದು ಖರೇನ?”

“ಖರೆ. ನಾನ ಒಪ್ಪೀನಿ.”

ಇಡೀ ಕೋಣೆ ಸ್ಪೀಕರಿನ ಕಡೆ ಮುಖ ಮಾಡಿತ್ತು. ಅಕ್ಕ ಕುರ್ಚಿಯಲ್ಲಿ ತಿರುಗಿ ಒಬ್ಬೊಬ್ಬರನ್ನೇ ನೋಡಿದಳು. ಆಕೆಯ ಕಡೆ ನೋಡುತ್ತಿದ್ದವರು ಯಾರೂ ಇರಲಿಲ್ಲ.

ಮೇಡಂ ಇನ್ನೊಂದು ಗುಟುಕು ನೀರು ಕುಡಿದು ಕೇಳಿದರು: “ಈಗ ನೀವು ಎಲ್ಲಿದ್ದೀರಿ?”

“ಎಲ್ಲಿರತೀನ್ರಿ? ಒಲಿ ಮುಂದ. ಮಂದಿ ಉಣ್ಣಾಕ ಬರೋ ಹೊತ್ತಾತು.” ದನಿಯ ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತು. ಒಂದೇ ಸಮನೆ, ಅವಸರವಿಲ್ಲದೆ. ಅಕ್ಕನ ಎರಡೂ ಕೈ ಆಕೆಯ ಮಡಿಲಲ್ಲಿದ್ದವು.

ಮೇಡಂ ಫೋನು ಇಟ್ಟರು. ಅವರ ಹಣೆಯ ಮೇಲೆ ಬೆವರಿತ್ತು. ಯಾರೋ ಕೆಮ್ಮಿದರು. ಹಿಂದಿನ ಸಾಲಿನ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು.

“ಕಾಯಿದೆಯೊಳಗ ಒಂದ ದಾರಿ ಐತಿ” ಎಂದರು ಮೇಡಂ. “ನಂಬರಿನ ಹಕ್ಕುದಾರರು ತಮ್ಮ ಕೈಯಾರೆ ಎತ್ತಿ ಕೊಟ್ಟ ಉತ್ತರ ಹಿಂದಿನ ಎಲ್ಲಾ ಉತ್ತರಕ್ಕಿಂತ ಮೇಲು.”

ಅವರು ಎದ್ದು ಅಕ್ಕನ ಮುಂದೆ ಬಂದು ನಿಂತರು. ಗದಿಗೆಪ್ಪನನ್ನು ತೋರಿಸಿ, ಕುತ್ತಿಗೆಗೆ ತಾಳಿ ಕಟ್ಟುವ ಹಾಗೆ ಮಾಡಿದರು. ಮೇಜಿಗೆ ಒಮ್ಮೆ ಬಡಿದು ಹೌದೆಂದು ತಲೆಯಾಡಿಸಿದರು. ಎರಡು ಸಲ ಬಡಿದು ಇಲ್ಲವೆಂದು ಆಡಿಸಿದರು. ಫೋನಿನ ಕಡೆ, ಆಮೇಲೆ ಕಿಟಕಿಯಾಚೆ ನಮ್ಮ ಖಾನಾವಳಿಯ ಕಡೆ ಬೆರಳು ಮಾಡಿದರು. ಅಕ್ಕನಿಗೆ ನನ್ನ ಸಹಾಯ ಬೇಕಾಗಲಿಲ್ಲ. ನಾನು ಜೊತೆಗೆ ಏಳಹೋದಾಗ ಮೇಡಂ ತಡೆದರು. “ನೀ ಇಲ್ಲೇ ಇರು ತಂಗೀ. ನಾಳೆ ಯಾರೂ ನಿನ್ನ ಕಡೆ ಬೊಟ್ಟು ಮಾಡಬಾರದು.”

ಅಕ್ಕ ಒಬ್ಬಳೇ ಬಿಸಿಲಿನಲ್ಲಿ ನಡೆದು ಹೋಗುವುದನ್ನು ಕಿಟಕಿಯಿಂದ ನೋಡಿದೆ. ಬೀಗ ತೆಗೆಯುವ ಮೊದಲು ಆಕೆ ಬಾಗಿಲ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಹೋದಳು.

ಮೇಡಂ ಮತ್ತೆ ತಿರುಗಿಸಿದರು. ಗಂಟೆ ಹೊಡೆಯಿತು. ಎತ್ತಿದ ಸದ್ದು. ಆಮೇಲೆ ಉಸಿರು. ಅಷ್ಟು ದೊಡ್ಡ ಕೋಣೆಯ ತುಂಬ ಅಕ್ಕನ ಉಸಿರು. ಅದರ ಜೊತೆಗೆ ಗಂಟಲಿನಿಂದ ಬರುವ, ಪದವಲ್ಲದ ಒಂದು ಸದ್ದು. ಸಣ್ಣವಳಿದ್ದಾಗ ನಾನು ಬಾವಿಯ ಹತ್ತಿರ ಹೋದರೆ ನನ್ನನ್ನು ಕರೆಯಲು ಆಕೆ ಮಾಡುತ್ತಿದ್ದ ಸದ್ದು. ಓಣಿಯ ಹುಡುಗರು ನಗುತ್ತಾರೆಂದು ಆಮೇಲೆ ಬಿಟ್ಟುಬಿಟ್ಟಿದ್ದಳು. ಗದಿಗೆಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತ. ಅವನು ಅದನ್ನು ಮೊದಲ ಸಲ ಕೇಳುತ್ತಿದ್ದ.

ಕಲ್ಲಿನ ಹಲಗೆಗೆ ಎರಡು ಸಲ ಬಡಿದದ್ದು ಕೇಳಿಸಿತು. ತಡವಿಲ್ಲದೆ, ಸ್ಪಷ್ಟವಾಗಿ.

“ಉತ್ತರ ಬಂದೈತಿ” ಎಂದರು ಮೇಡಂ. “ನೋಂದಣಿ ರದ್ದಾತು.”

ಯಾರೋ ನಿಟ್ಟುಸಿರು ಬಿಟ್ಟರು. ಮೇಡಂ ಫೋನಿಡಲು ಕೈ ಚಾಚಿದರು. ಆಗ ಸ್ಪೀಕರಿನಲ್ಲಿ, ಅಕ್ಕನ ಉಸಿರು ಇನ್ನೂ ಕೇಳುತ್ತಿರುವಾಗಲೇ, ಅದರ ಹಿಂದಿನಿಂದ, ಒಳಕೋಣೆಯಿಂದ ಮಾತಾಡಿದಂತೆ, ಆ ದನಿ ಕೇಳಿತು:

“ಹಂಗಾದ್ರ ನಾ ಎಲ್ಲಿಗೆ ಹೋಗ್ಲಿ?”

ಮೇಡಂ ಕೈ ಹಾಗೆಯೇ ನಿಂತಿತು. ಅತ್ತ ಅಕ್ಕನಿಗೆ ಏನೂ ಗೊತ್ತಿರಲಿಲ್ಲ. ಆಕೆಯ ಉಸಿರು ಮೊದಲಿನಂತೆಯೇ ಬರುತ್ತಿತ್ತು, ಹೋಗುತ್ತಿತ್ತು.

ಗದಿಗೆಪ್ಪ ಜನರ ನಡುವೆ ದಾರಿ ಮಾಡಿಕೊಂಡು ಬಂದು ಮೇಜಿನ ಮುಂದೆ ಬಾಗಿದ. “ನಾ ಅದೀನಿ” ಎಂದ ಫೋನಿಗೆ. “ನಮ್ಮ ಮನಿಗೆ ಬಾ.”

ಆಮೇಲೆ ಮೇಡಂ ಖಾನಾವಳಿಗೆ ಬಂದು ಬೆಂಚಿನ ಮೇಲೆ ಕೂತರು. ಕೊಟ್ಟ ನೀರು ಕುಡಿದು, ಇನ್ನೊಂದು ಲೋಟ ಕೇಳಿದರು. ನಂಬರನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸ್ಥಳಾಂತರ ಮಾಡಬಹುದು, ಅದಕ್ಕೆ ಹಕ್ಕುದಾರರು ಒಪ್ಪಬೇಕು ಎಂದರು. ಶಾಲೆಯಲ್ಲಿ ಕೊನೆಗೆ ಕೇಳಿಸಿದ್ದನ್ನು ನಾನು ಅಕ್ಕನಿಗೆ ತಿಳಿಸಿದೆ. ನನ್ನ ಕೈ ಅಲ್ಲಲ್ಲಿ ತಡೆಯಿತು. ಅಕ್ಕ ಎದ್ದು ಫೋನಿನ ಮೇಲಿನ ತಟ್ಟೆ ತೆಗೆದು, ಜೋಳವನ್ನು ಡಬ್ಬಿಗೆ ಸುರಿದಳು. ಆಮೇಲೆ ಹೇಳಿದಳು: ಆಕಿಗೂ ಒಂದು ಮನಿ ಬೇಕಲ್ಲ. ಕೊಡು.

“ಎದುರಿಗೆ ಕುಂತು ಕೊಟ್ಟ ಉತ್ತರ ಇದು” ಎಂದೆ ಮೇಡಂಗೆ.

“ನಾ ತಗೋತೀನಿ” ಎಂದರು ಅವರು. ನಂಬರಿಲ್ಲದೆಯೂ ಒಬ್ಬ ಮನುಷ್ಯ ಇರಬಹುದು ಎಂಬ ಮಾತನ್ನು ತಿದ್ದುಪಡಿಯಲ್ಲಿ ಸೇರಿಸಲು ನೋಡುತ್ತೇನೆಂದೂ ಹೇಳಿದರು. ಅದು ಸೇರಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ತಂತಿಯವರು ಬಂದು ಫೋನು ಬಿಚ್ಚಿಕೊಂಡು ಹೋದರು. ಹಲಗೆಯ ಮೇಲೆ ಅದಿದ್ದ ಜಾಗ ಮಾತ್ರ ಹೊಗೆ ಹಿಡಿಯದೆ ಬೆಳ್ಳಗಿತ್ತು. ಅಕ್ಕ ಅಲ್ಲಿ ಉಪ್ಪಿನ ಡಬ್ಬಿ ಇಟ್ಟಳು. ಜನ ಮತ್ತೆ ನನ್ನ ಮುಖ ನೋಡತೊಡಗಿದರು. ಆದರೆ ಮೊದಲಿನ ಹಾಗೆ ಬರೀ ನನ್ನನ್ನಲ್ಲ, ನಾನು ಹೇಳುವಾಗ ಅಕ್ಕನನ್ನೂ ನೋಡುತ್ತಿದ್ದರು.

ಗದಿಗೆಪ್ಪ ಉಣ್ಣಲು ಬರುವುದು ನಿಂತಿತು. ರಸ್ತೆಯಲ್ಲಿ ಸಿಕ್ಕರೆ ತಲೆಬಾಗಿ ನಮಸ್ಕಾರ ಮಾಡುತ್ತಿದ್ದ. ಮೈಕೈ ತುಂಬಿಕೊಂಡಿದ್ದ. ಮನೆಯಿಂದಲೇ ಬುತ್ತಿ ತರುತ್ತಾನೆ, ಅದರಲ್ಲಿ ಅಂಚು ಒಡೆದ ರೊಟ್ಟಿ ಇರುತ್ತವೆ ಎಂದು ಅವನ ಲಾರಿಯವರು ಹೇಳುತ್ತಿದ್ದರು. ತಾನೇ ಬಡಿಯುತ್ತಾನೇನೋ, ಗಂಡಸಿನ ಕೈ ಎಂದು ನಾವು ಅಂದುಕೊಂಡೆವು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಪಾತ್ರೆ ತೊಳೆದಾದ ಮೇಲೆ, ಅಕ್ಕ ಸೀರೆ ಬದಲಿಸಿ ಬಂದು ನನ್ನನ್ನು ಎಬ್ಬಿಸಿದಳು. ಆಕಿಯನ್ನ ನೋಡಿ ಬರೋಣು ಎಂದಳು. ಗದಿಗೆಪ್ಪ ಲಾರಿಯ ಸಂಗಡ ಹೋಗಿದ್ದ. ಅವನ ಮನೆಗೆ ಬರೀ ಚಿಲಕ ಹಾಕಿತ್ತು. ಒಳಗೆ ಕಸ ಗುಡಿಸಿ ಸಾರಿಸಿದಂತಿತ್ತು. ಅಡುಗೆಮನೆಯ ಗೂಡಿನಲ್ಲಿ ಅಕ್ಕನ ಫೋನು ಇತ್ತು. ಅದರ ಪಕ್ಕದಲ್ಲಿ ಆ ಇಳಕಲ್ ಸೀರೆ, ಮಡಿಕೆ ಬಿಚ್ಚಿದ್ದು, ಉಟ್ಟು ತೆಗೆದಿಟ್ಟ ಸೀರೆಯ ಹಾಗೆ ಸುರುಳಿಯಾಗಿ ಬಿದ್ದಿತ್ತು.

ನಾನು ಹೊಸ್ತಿಲಲ್ಲೇ ನಿಂತೆ. ಅಕ್ಕ ಒಳಗೆ ಹೋಗಿ ರಿಸೀವರು ಎತ್ತಿದಳು. ಅದನ್ನು ಕಿವಿಗೆ ಹಿಡಿಯಲಿಲ್ಲ, ತನ್ನ ಗಂಟಲಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ನಾನು ಹತ್ತಿರ ಹೋಗಿ ಬಾಗಿ ಕೇಳಿದೆ. ತಂತಿಯ ಗುಂಯ್‌ಗುಟ್ಟುವಿಕೆ ಬಿಟ್ಟರೆ ಏನೂ ಇರಲಿಲ್ಲ. ಅಕ್ಕನ ಹುಬ್ಬು ಮೇಲೇರಿತು, ಇಳಿಯಿತು. ಒಮ್ಮೆ ನಕ್ಕಳು. ಆಕೆಯ ತುಟಿಗಳು ಅಲುಗಿದವು. ಆಮೇಲೆ ರಿಸೀವರನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟು, ಸೀರೆಯನ್ನು ಕೊಡವಿ ಅಚ್ಚುಕಟ್ಟಾಗಿ ಮಡಿಸಿಟ್ಟು ಹೊರಗೆ ಬಂದಳು.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಏನಾಯಿತು ಎಂದು ಕೇಳಿದೆ.

ರೊಟ್ಟಿ ಅಂಚು ಒಡೀತಾವಂತ ಆಕಿಗೆ. ಎಸರು ಕುದಿಯೋವಾಗನ ಹಿಟ್ಟಿಗೆ ಹಾಕಿ ನಾದಬೇಕು ಅಂತ ಹೇಳಿದೆ, ಎಂದಳು.

ಹೆಂಗ ಹೇಳಿದಿ, ಎಂದು ನಾನು ಕೇಳಿದೆ.

ಅಕ್ಕ ನಡೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ತೋರುಬೆರಳನ್ನು ಎತ್ತಿ ತುಟಿಯ ಮೇಲೆ ಇಟ್ಟಳು. ನಮ್ಮ ಕೈಮಾತಿನಲ್ಲಿ ಆ ಸನ್ನೆಗೆ ಎರಡು ಅರ್ಥ: ಬಾಯಿ ಎಂದೂ ಆಗುತ್ತದೆ, ಸುಮ್ಮನಿರು ಎಂದೂ ಆಗುತ್ತದೆ. ಯಾವುದೆಂದು ನಾನು ಕೇಳಲಿಲ್ಲ.